ತಪ್ಪು ಅವರದು, ಕಡಿತ ನಮಗೆ: ಕಾರು ವಿಮೆಯ ಹತ್ತು ತಪ್ಪು ಕಲ್ಪನೆಗಳು

ಹತ್ತಿ ಬಿಡಿಸುವ ದಿನಗಳು. ರೋಣದಿಂದ ಗಜೇಂದ್ರಗಡಕ್ಕೆ ಹೋಗುವ ರಸ್ತೆಯಲ್ಲಿ ಚಹಾದಂಗಡಿಯೊಂದರ ಮುಂದೆ, ಡಾಂಬರಿನಿಂದ ಕೆಳಗೆ ಕಾರು ನಿಲ್ಲಿಸಿ ಇಳಿದಿದ್ದೆ. ಹತ್ತಿ ಹೇರಿಕೊಂಡ ಟ್ರ್ಯಾಕ್ಟರೊಂದು ಎರಿ ಹೊಲದ ದಾರಿಯಿಂದ ರಸ್ತೆಗೆ ಏರುವಾಗ ತಿರುವನ್ನು ತೀರಾ ಒತ್ತಿ ಹಿಡಿಯಿತು. ಟ್ರೇಲರಿನ ಹಿಂದಿನ ಮೂಲೆ ನನ್ನ ಕಾರಿನ ಎಡಬದಿಯ ಎರಡೂ ಬಾಗಿಲುಗಳನ್ನು ಗೀರಿಕೊಂಡು ಹೋಯಿತು. ಕಾರು ನಿಂತಿತ್ತು, ಒಳಗೆ ಯಾರೂ ಇರಲಿಲ್ಲ. ತಪ್ಪು ಯಾರದೆಂದು ಅಲ್ಲಿ ಚಹಾ ಕುಡಿಯುತ್ತಿದ್ದವರಿಗೆಲ್ಲ ಗೊತ್ತಿತ್ತು. ಟ್ರ್ಯಾಕ್ಟರ್ ಹೊಡೆಯುತ್ತಿದ್ದ ಹುಡುಗನಿಗೂ ಗೊತ್ತಿತ್ತು.

ಹದಿನೈದು ದಿನದ ಮೇಲೆ ಗ್ಯಾರೇಜಿನ ಮೇಜಿನ ಮೇಲೆ ಬಿಲ್ಲು ಬಂತು. ಒಟ್ಟು ಖರ್ಚು ಇಷ್ಟು, ವಿಮಾ ಕಂಪನಿ ಕೊಡುವುದು ಇಷ್ಟು, ನೀವು ಕಟ್ಟಬೇಕಾದದ್ದು ಇಷ್ಟು. ಆ ಕೊನೆಯ ಸಾಲನ್ನು ದಿಟ್ಟಿಸಿ ನೋಡಿದೆ. ನಿಂತ ಕಾರಿಗೆ ಇನ್ನೊಬ್ಬರು ಗುದ್ದಿದರೆ ನಾನೇಕೆ ಕಟ್ಟಬೇಕು? “ಅದು ಫೈಲ್ ಚಾರ್ಜ್ರೀ ಸರ, ಎಲ್ಲಾರಿಗೂ ಇರ್ತೈತಿ” ಎಂದರು. ಕಟ್ಟಿದೆ. ಮುಂದಿಟ್ಟ ವೋಚರಿಗೆ ಓದದೆ ಸಹಿಯನ್ನೂ ಹಾಕಿದೆ. ಆ ಹಣವನ್ನು ಕೇಳಿ ಪಡೆಯುವ ಹಕ್ಕು ನನಗಿತ್ತೆಂದು ತಿಳಿಯುವ ಹೊತ್ತಿಗೆ ಕಾಲ ಮೀರಿತ್ತು. ರೋಣ, ನರಗುಂದ, ಗಜೇಂದ್ರಗಡದ ಕಡೆ ನಾನು ಪದೇ ಪದೇ ಕೇಳುವ ಹತ್ತು ಮಾತುಗಳನ್ನು ಇಲ್ಲಿ ಇಟ್ಟಿದ್ದೇನೆ. ಇನ್ನೊಬ್ಬರು ನನ್ನಂತೆ ಕಳೆದುಕೊಳ್ಳಬಾರದು.

ತಪ್ಪು ಕಲ್ಪನೆ 1: “ಅದು ಫೈಲ್ ಚಾರ್ಜ್. ಆಫೀಸಿನ ಖರ್ಚಿಗೆ ಹಿಡೀತಾರ.”

ವಾಸ್ತವ: ಫೈಲ್ ಚಾರ್ಜ್ ಎಂಬುದು ಗ್ಯಾರೇಜಿನ ಬಾಯಿಮಾತು. ಪಾಲಿಸಿಯಲ್ಲಿ ಅದರ ಹೆಸರು ಕಂಪಲ್ಸರಿ ಡಿಡಕ್ಟಿಬಲ್, ಅಂದರೆ ಕಡ್ಡಾಯ ಕಡಿತ. ಕೆಲವರು ಎಕ್ಸೆಸ್ ಎನ್ನುತ್ತಾರೆ. ನಷ್ಟದ ಮೊದಲ ಪಾಲನ್ನು ವಾಹನದ ಮಾಲೀಕನೇ ಹೊರಬೇಕು ಎಂಬ ಕರಾರು ಅದು. ಖಾಸಗಿ ಕಾರಿನ ಎಂಜಿನ್ 1,500 ಸಿಸಿವರೆಗೆ ಇದ್ದರೆ ಪ್ರತಿ ಕ್ಲೇಮಿಗೆ 1,000 ರೂಪಾಯಿ, ಅದಕ್ಕೂ ದೊಡ್ಡದಾದರೆ 2,000. ಪ್ರೀಮಿಯಂ ಕಡಿಮೆ ಆಗಲೆಂದು ಸ್ವಯಂಪ್ರೇರಿತ ಕಡಿತವನ್ನೂ ಒಪ್ಪಿಕೊಂಡಿದ್ದರೆ 2,500ರಿಂದ 15,000 ರೂಪಾಯಿವರೆಗೆ ಇನ್ನೊಂದು ಮೊತ್ತ ಅದರ ಮೇಲೆ ಸೇರುತ್ತದೆ. ಏಜೆಂಟರು “ಪ್ರೀಮಿಯಂ ಕಡಿಮಿ ಮಾಡಿ ಕೊಟ್ಟೀನ್ರೀ” ಎಂದಿದ್ದರೆ ಪಾಲಿಸಿಯ ಈ ಸಾಲನ್ನು ಇವತ್ತೇ ತೆಗೆದು ನೋಡಿ. ಹೆಸರು ಸರಿಯಾಗಿ ಗೊತ್ತಿರಬೇಕು. ಚಾರ್ಜ್ ಎಂದುಕೊಂಡರೆ ಅದು ಹೋದ ಹಣ. ನಷ್ಟದ ಪಾಲು ಎಂದು ಗೊತ್ತಾದರೆ, ನಷ್ಟ ಮಾಡಿದವರನ್ನು ಕೇಳಬಹುದಾದ ಹಣ.

ತಪ್ಪು ಕಲ್ಪನೆ 2: “ತಪ್ಪು ಎದುರಿನವಂದು ಅಂದಮ್ಯಾಲ ನಮ್ಮ ಕಂಪನಿಯವ್ರು ಕಟ್ ಮಾಡಾಂಗಿಲ್ಲ.”

ವಾಸ್ತವ: ಮಾಡುತ್ತಾರೆ, ಕರಾರಿನ ಪ್ರಕಾರವೇ ಮಾಡುತ್ತಾರೆ. ನಿಮ್ಮ ಪಾಲಿಸಿಯಲ್ಲಿ ಸ್ವಂತ ವಾಹನದ ಹಾನಿಗೆ ಇರುವ ಓನ್ ಡ್ಯಾಮೇಜ್ ಭಾಗ ತಪ್ಪು ಯಾರದೆಂದು ಕೇಳುವುದೇ ಇಲ್ಲ. ನೀವೇ ಮರಕ್ಕೆ ಗುದ್ದಿದರೂ ಹಣ ಕೊಡುತ್ತದೆ, ನಿಂತ ಕಾರಿಗೆ ಬೇರೆಯವರು ಗುದ್ದಿದರೂ ಕೊಡುತ್ತದೆ. ಎರಡೂ ಸಲ ಕಡಿತ ಒಂದೇ. ನೋ ಕ್ಲೇಮ್ ಬೋನಸ್ಸಿನದೂ ಇದೇ ಕಥೆ. ಕ್ಲೇಮಿಲ್ಲದೆ ಕಳೆದ ವರ್ಷಗಳಿಗೆ 20, 25, 35, 45, ಕೊನೆಗೆ 50 ಪ್ರತಿಶತದವರೆಗೆ ಏರುವ ಆ ರಿಯಾಯಿತಿ, ಒಂದು ಓನ್ ಡ್ಯಾಮೇಜ್ ಕ್ಲೇಮಿಗೆ ಸೊನ್ನೆಗೆ ಇಳಿಯುತ್ತದೆ. ಹಾಗೆಂದು ನಿಮ್ಮ ಕಂಪನಿಯ ಜೊತೆ ಜಗಳಕ್ಕೆ ಇಳಿದು ಪ್ರಯೋಜನವಿಲ್ಲ. ಆ ನಷ್ಟವನ್ನು ಕೇಳಬೇಕಾದ ಬಾಗಿಲು ಬೇರೆ.

ತಪ್ಪು ಕಲ್ಪನೆ 3: “ಝೀರೋ ಡೆಪ್ ಮಾಡಿಸೀನಿ, ಪೂರಾ ರೊಕ್ಕ ಬರ್ತೈತಿ.”

ವಾಸ್ತವ: ಝೀರೋ ಡೆಪ್ ಉಳಿಸುವುದು ಬಿಡಿಭಾಗಗಳ ಸವಕಳಿಯನ್ನು ಮಾತ್ರ. ಕಡ್ಡಾಯ ಕಡಿತ ಅದಕ್ಕೂ ಇದೆ.

ತಪ್ಪು ಕಲ್ಪನೆ 4: “ಹೋಗೂದು ಒಂದ್ ಸಾವಿರ. ಅದಕ್ಕ ಕೋರ್ಟಿಗೆ ಯಾರ್ ಅಡ್ಡಾಡ್ತಾರ?”

ವಾಸ್ತವ: ಬರೀ ಒಂದು ಸಾವಿರವಾಗಿದ್ದರೆ ನಾನೂ ಇದೇ ಮಾತು ಹೇಳುತ್ತಿದ್ದೆ. ಕಾಗದ ಪೆನ್ನು ಹಿಡಿದು ಲೆಕ್ಕ ಹಾಕೋಣ. ಕಾರು 1,200 ಸಿಸಿ, ವಯಸ್ಸು ನಾಲ್ಕು ವರ್ಷ ಮೂರು ತಿಂಗಳು, ಝೀರೋ ಡೆಪ್ ಇಲ್ಲ ಎಂದು ಹಿಡಿಯಿರಿ.

ಪ್ಲಾಸ್ಟಿಕ್ ಬಂಪರಿಗೆ 6,000. ಪ್ಲಾಸ್ಟಿಕ್ಕು, ರಬ್ಬರಿಗೆ ಅರ್ಧ ಸವಕಳಿ, ಹೋದದ್ದು 3,000. ಬಾಗಿಲಿನ ತಗಡಿಗೆ 12,000. ನಾಲ್ಕರಿಂದ ಐದು ವರ್ಷದ ಕಾರಿಗೆ 35 ಪ್ರತಿಶತ, ಹೋದದ್ದು 4,200. ಗಾಜಿಗೆ 7,000, ಸವಕಳಿ ಇಲ್ಲ. ಪೇಂಟಿಂಗಿಗೆ 8,000. ಅದರ ಕಾಲು ಭಾಗವನ್ನು ಬಣ್ಣದ ಬೆಲೆ ಎಂದು ಹಿಡಿದು ಅದರಲ್ಲಿ ಅರ್ಧ ಕಳೆಯುತ್ತಾರೆ, ಹೋದದ್ದು 1,000. ಕೂಲಿ 5,000, ಕಡಿತವಿಲ್ಲ. ಒಟ್ಟು ಬಿಲ್ಲು 38,000, ಸವಕಳಿಯಲ್ಲಿ ಹೋದದ್ದು 8,200. ಅದಕ್ಕೆ ಕಡ್ಡಾಯ ಕಡಿತದ 1,000 ಸೇರಿಸಿ. ಕಾರನ್ನು ಹುಬ್ಬಳ್ಳಿ ಅಥವಾ ಗದಗಿನ ಗ್ಯಾರೇಜಿಗೆ ಎಳೆದು ಒಯ್ಯಲು 4,000 ಆಯಿತೆನ್ನಿ. ಸಾಮಾನ್ಯ ಪಾಲಿಸಿ ಇದಕ್ಕೆ ಕೊಡುವುದು ಹೆಚ್ಚೆಂದರೆ 1,500. ಉಳಿದ 2,500 ನಿಮ್ಮದೇ. ಇಲ್ಲಿಗೆ 11,700.

ಮುಂದಿನ ವರ್ಷ ನಿಮ್ಮ ಓನ್ ಡ್ಯಾಮೇಜ್ ಪ್ರೀಮಿಯಂ 9,000 ಇದ್ದು 45 ಪ್ರತಿಶತ ಬೋನಸ್ ಸಿಗಬೇಕಿತ್ತು ಎಂದಾದರೆ ಅಲ್ಲಿ ಇನ್ನೂ 4,050. ಎಲ್ಲ ಕೂಡಿ 15,750 ರೂಪಾಯಿ. ಒಂದು ಸಾವಿರದ ಹಿಂದೆ ಇಷ್ಟು ದುಡ್ಡು ಅಡಗಿ ಕೂತಿರುತ್ತದೆ. ಕೇಳಿದ್ದೆಲ್ಲ ಸಿಗುತ್ತದೆ ಎಂದಲ್ಲ. “ಹಳೇ ಬಂಪರ್ ಹೋಗಿ ಹೊಸಾದು ಬಂದೈತಲ್ಲ” ಎಂದು ಎದುರಿನ ವಿಮಾ ಕಂಪನಿಯ ವಕೀಲರು ಸವಕಳಿಯ ಪಾಲಿಗೆ ತಕರಾರು ಎತ್ತಬಹುದು, ಬೋನಸ್ಸಿನ ನಷ್ಟಕ್ಕೆ ನೀವು ಲೆಕ್ಕ ತೋರಿಸಬೇಕಾಗಬಹುದು. ಆದರೆ ಕೇಳದ ಹಣವನ್ನು ಯಾರೂ ಕರೆದು ಕೊಡುವುದಿಲ್ಲ.

ಇನ್ನೊಂದು ದಾರಿಯೂ ಇದೆ. ಹಾನಿ ಸಣ್ಣದಿದ್ದು ಕೈಯಿಂದ ರಿಪೇರಿ ಮಾಡಿಸುವ ಶಕ್ತಿ ಇದ್ದರೆ, ನಿಮ್ಮ ಕಂಪನಿಯಿಂದ ಕ್ಲೇಮ್ ಮಾಡದೆ ಪೂರ್ತಿ ಖರ್ಚನ್ನು ಎದುರಿನವರಿಂದಲೇ ಕೇಳಬಹುದು. ಬೋನಸ್ ಉಳಿಯುತ್ತದೆ, ಹಣ ಬರುವುದು ಮಾತ್ರ ತಡ.

ತಪ್ಪು ಕಲ್ಪನೆ 5: “ಥರ್ಡ್ ಪಾರ್ಟಿ ಅಂದ್ರ ಸತ್ತವ್ರಿಗೆ, ಗಾಯ ಆದವ್ರಿಗೆ ಅಷ್ಟ. ಗಾಡಿಗೆ ಬರಾಂಗಿಲ್ಲ.”

ವಾಸ್ತವ: ಈ ಮಾತಿನಿಂದ ಆಗುವಷ್ಟು ನಷ್ಟ ಬೇರೆ ಯಾವುದರಿಂದಲೂ ಆಗುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 165 ಮತ್ತು 166ನೇ ಕಲಂಗಳು ಸಾವು ನೋವಿನ ಜೊತೆಗೇ ಮೂರನೆಯವರ ಆಸ್ತಿಗೆ ಆದ ಹಾನಿಯನ್ನೂ ಹೇಳುತ್ತವೆ. ಗುದ್ದಿದ ವಾಹನದ ಲೆಕ್ಕದಲ್ಲಿ ನಿಮ್ಮ ಕಾರು ಮೂರನೆಯವರ ಆಸ್ತಿ. ಪರಿಹಾರ ಕೇಳುವ ಜಾಗ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ, ವಕೀಲರ ಬಾಯಲ್ಲಿ ಎಂಎಸಿಟಿ. ಕೇಸಿನ ಹೆಸರು ಎಂವಿಸಿ. ಗುದ್ದಿದ್ದು ಕಾರು, ಲಾರಿ ಅಥವಾ ಟ್ರ್ಯಾಕ್ಟರಾದರೆ ಅದರ ಪಾಲಿಸಿ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿವರೆಗೆ, ಬೈಕಾದರೆ 1 ಲಕ್ಷದವರೆಗೆ ಆಸ್ತಿಹಾನಿಯನ್ನು ಹೊರುತ್ತದೆ. ಪ್ರೀಮಿಯಂ ಉಳಿಸಲೆಂದು ಆ ಮಿತಿಯನ್ನು 6,000ಕ್ಕೆ ಇಳಿಸಿಕೊಂಡ ಪಾಲಿಸಿಗಳೂ ಇವೆ, ಅದನ್ನು ನೋಡಿಕೊಳ್ಳಬೇಕು. ಒಂದು ಎಚ್ಚರಿಕೆ: ಆಸ್ತಿಹಾನಿಯಲ್ಲಿ ಎದುರಿನವರ ನಿರ್ಲಕ್ಷ್ಯವನ್ನು ನೀವೇ ಸಾಬೀತು ಮಾಡಬೇಕು. ತಪ್ಪಿನಲ್ಲಿ ನಿಮ್ಮದೂ ಪಾಲಿದ್ದರೆ ಪರಿಹಾರದಲ್ಲಿ ಅಷ್ಟು ಇಳಿಯುತ್ತದೆ.

ತಪ್ಪು ಕಲ್ಪನೆ 6: “ನಮ್ಮ ಕಂಪನಿ ಒಮ್ಮೆ ರೊಕ್ಕ ಕೊಟ್ಟಮ್ಯಾಲ ಮುಗೀತು. ಉಳಿದದ್ದನ್ನ ಅವರ ವಸೂಲ್ ಮಾಡ್ತಾರ.”

ವಾಸ್ತವ: ಇದರಲ್ಲಿ ಎರಡು ತಪ್ಪುಗಳು ಕೂಡಿಕೊಂಡಿವೆ. ಮೊದಲನೆಯದು, ನಿಮ್ಮ ಪರವಾಗಿ ಕಂಪನಿ ವಸೂಲಿಗೆ ಹೋಗುತ್ತದೆ ಎಂಬ ನಂಬಿಕೆ. ಇಂಗ್ಲೆಂಡಿನಲ್ಲಿರುವ ನಮ್ಮವರು “ನಮ್ಮ ಎಕ್ಸೆಸ್ ವಾಪಸ್ ತರಿಸಿಕೊಡಲು ಪಾಲಿಸಿಯ ಜೊತೆಗೇ ವಕೀಲರ ಸೌಲಭ್ಯ ಕೊಂಡಿದ್ದೆವು” ಎನ್ನುವುದನ್ನು ಕೇಳಿ ಇಲ್ಲಿಯೂ ಹಾಗೇ ಇದೆ ಎಂದುಕೊಳ್ಳಬೇಡಿ. ಇಲ್ಲಿ ಕಂಪನಿಗಳು ಕಾರು ಕಾರಿನ ನಡುವಿನ ಸಣ್ಣ ಹಾನಿಗಳಲ್ಲಿ ನಮ್ಮ ಗ್ರಾಹಕರದು ನಾವು, ನಿಮ್ಮ ಗ್ರಾಹಕರದು ನೀವು ನೋಡಿಕೊಳ್ಳೋಣ ಎಂಬ ಹೊಂದಾಣಿಕೆಯಲ್ಲಿ ಮುಗಿಸಿಕೊಳ್ಳುವುದುಂಟು. ನಿಮ್ಮ ಕೈಯಿಂದ ಹೋದದ್ದನ್ನು ಕೇಳಬೇಕಾದವರು ನೀವೇ.

ಎರಡನೆಯದು, ಹಕ್ಕು ಮುಗಿಯಿತು ಎಂಬ ಭಾವನೆ. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2010ರಲ್ಲಿ ಎಕನಾಮಿಕ್ ಟ್ರಾನ್ಸ್‌ಪೋರ್ಟ್ ಆರ್ಗನೈಸೇಷನ್ ಮತ್ತು ಚರಣ್ ಸ್ಪಿನ್ನಿಂಗ್ ಮಿಲ್ಸ್ ನಡುವಿನ ಪ್ರಕರಣದಲ್ಲಿ ವಿಮೆಯ ಈ ತತ್ವವನ್ನು ಬಿಡಿಸಿ ಹೇಳಿತು. ಅದು ಸಾಗಣೆಯಲ್ಲಿದ್ದ ಸರಕಿನ ಪ್ರಕರಣ. ತತ್ವ ಮಾತ್ರ ಎಲ್ಲ ನಷ್ಟಪರಿಹಾರ ವಿಮೆಗೂ ಸಲ್ಲುತ್ತದೆ: ವಿಮಾ ಕಂಪನಿ ಹಣ ಕೊಟ್ಟ ಮಾತ್ರಕ್ಕೆ ತಪ್ಪು ಮಾಡಿದವರನ್ನು ಕೇಳುವ ವಿಮೆದಾರನ ಹಕ್ಕು ಅಳಿಯುವುದಿಲ್ಲ, ಅವನ ನಷ್ಟ ಪೂರ್ತಿ ತುಂಬಿದ ಮೇಲೆ ಉಳಿದದ್ದು ಕಂಪನಿಗೆ.

ಅಪಾಯ ಇರುವುದು ವೋಚರಿನಲ್ಲಿ. ‘ಪೂರ್ಣ ಮತ್ತು ಅಂತಿಮ ಪರಿಹಾರ’ ಎಂದು ಅಚ್ಚಾದ ಕಾಗದಕ್ಕೆ ನೀವು ಸಹಿ ಹಾಕಿರುತ್ತೀರಿ. ಅದನ್ನೇ ಹಿಡಿದು, ಇನ್ನೇನೂ ಬಾಕಿ ಉಳಿದಿಲ್ಲ ಎಂದು ಎದುರಿನ ಕಂಪನಿ ನ್ಯಾಯಮಂಡಳಿಯಲ್ಲಿ ವಾದಿಸುತ್ತದೆ. ಆ ವಾದ ಗೆದ್ದದ್ದೂ ಉಂಟು. ಅದಕ್ಕೇ ಸಹಿಯ ಮೇಲೆ ಕೈಬರಹದಲ್ಲಿ ಒಂದು ಸಾಲು ಬರೆಯಿರಿ: “ನನ್ನ ಪಾಲಿಸಿಯ ಓನ್ ಡ್ಯಾಮೇಜ್ ಮೊತ್ತಕ್ಕೆ ಮಾತ್ರ. ಕಡಿತವಾದ ಹಣವನ್ನು ಅಪಘಾತ ಮಾಡಿದವರಿಂದ ಪಡೆಯುವ ಹಕ್ಕನ್ನು ಉಳಿಸಿಕೊಂಡಿದ್ದೇನೆ.” ಅದರ ಫೋಟೋ ತೆಗೆದುಕೊಳ್ಳಿ. ಕಂಪನಿ ಕೊಟ್ಟ ಹಣವನ್ನೇ ಮತ್ತೆ ಎದುರಿನವರಿಂದ ಕೇಳುವಂತಿಲ್ಲ. ಕೇಳಬೇಕಾದದ್ದು ಬಾಕಿ ಉಳಿದದ್ದನ್ನು ಮಾತ್ರ.

ತಪ್ಪು ಕಲ್ಪನೆ 7: “ಸ್ಟೇಷನ್ನಿಗೆ ಹೋದ್ರ ಕಾರು ಒಳಗ ಹಾಕ್ತಾರ. ಅಲ್ಲೇ ರಾಜಿ ಮಾಡ್ಕೊಳ್ಳೂದು ಛಲೋ.”

ವಾಸ್ತವ: ಸಣ್ಣ ಗೀರಿಗೆ ನ್ಯಾಯವಾದ ಹಣವನ್ನು ಅಲ್ಲೇ ಕೈಗೆ ಕೊಟ್ಟರೆ ಮುಗಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಎರಡು ಸಾವಿರ ಇಸಿದುಕೊಂಡು ‘ರಾಜಿಯಾಗಿದ್ದೇವೆ, ಮುಂದೆ ಯಾವ ತಕರಾರಿಲ್ಲ’ ಎಂದು ಬರೆದುಕೊಟ್ಟ ಚೀಟಿ ಮುಂದೆ ನಿಮ್ಮ ದಾರಿಯನ್ನೇ ಮುಚ್ಚುತ್ತದೆ. ಒಳಗೆ ಏನು ಮುರಿದಿದೆ ಎಂಬುದು ಗ್ಯಾರೇಜಿನಲ್ಲಿ ಬಾಗಿಲು ಬಿಚ್ಚಿದ ಮೇಲೆ ಗೊತ್ತಾಗುವ ಸಂಗತಿ.

ಕಾಯ್ದೆಯ 134ನೇ ಕಲಂ ಓದಿದರೆ ಧೈರ್ಯ ಬರುತ್ತದೆ. ಮೂರನೆಯವರ ಆಸ್ತಿಗೆ ಹಾನಿ ಮಾಡಿದ ಚಾಲಕ ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ 24 ಗಂಟೆಯೊಳಗೆ ಹತ್ತಿರದ ಠಾಣೆಗೆ ತಾನೇ ಹೋಗಿ ಹೇಳಬೇಕು, ತನ್ನ ವಿಮಾ ಕಂಪನಿಗೂ ಬರೆದು ತಿಳಿಸಬೇಕು. ಯಾರಿಗೂ ಗಾಯವಾಗಿಲ್ಲ ಎಂಬುದು ನೆಪವಲ್ಲ. ವಾಹನ ತಪಾಸಣೆಗೆ ಹೋದರೂ, ಅದು ಮುಗಿದ 24 ಗಂಟೆಯೊಳಗೆ ಮಾಲೀಕರ ಕೈಗೆ ಮರಳಬೇಕೆಂದು 136ನೇ ಕಲಂ ಹೇಳುತ್ತದೆ. ಠಾಣೆಯಲ್ಲಿ ಎಫ್‌ಐಆರ್ ಆಗದಿದ್ದರೂ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ನ್ಯಾಯಮಂಡಳಿಯ ಮುಂದೆ ನಿಮ್ಮ ಮಾತಿಗೆ ತೂಕ ಬರುವುದು ಆ ಕಾಗದದಿಂದ. ವಾಹನ ಕದಲಿಸುವ ಮೊದಲೇ ಫೋಟೋ ತೆಗೆಯಿರಿ: ನಂಬರ್ ಪ್ಲೇಟು, ಎರಡೂ ವಾಹನ ನಿಂತ ರೀತಿ, ಟೈರಿನ ಗುರುತು, ಸುತ್ತಲಿನ ಅಂಗಡಿಯ ಬೋರ್ಡು. ನೋಡಿದ ಇಬ್ಬರ ಹೆಸರು, ಫೋನ್ ನಂಬರು ಬರೆದುಕೊಳ್ಳಿ. ನಾನು ಬರೆದುಕೊಂಡಿರಲಿಲ್ಲ.

ತಪ್ಪು ಕಲ್ಪನೆ 8: “ನಮ್ಮೂರ ರೈತನ ಮ್ಯಾಲ ಕೇಸ್ ಹಾಕಿ ಅವನ್ನ ಹಾಳ ಮಾಡೂದಾ?”

ವಾಸ್ತವ: ನಮ್ಮ ಭಾಗದ ಜನರ ಒಳ್ಳೆಯತನದಿಂದ ಬಂದ ಮಾತು ಇದು, ನನ್ನ ಬಾಯನ್ನೂ ಕಟ್ಟಿದ್ದು ಇದೇ. ಟ್ರ್ಯಾಕ್ಟರಿನವರ ಮನೆ, ಹೊಲ ಎಲ್ಲ ಗೊತ್ತಿರುತ್ತದೆ. ನಾಳೆ ಮದುವೆಯಲ್ಲೋ ಕಾಲಕಾಲೇಶ್ವರ ಜಾತ್ರೆಯಲ್ಲೋ ಮುಖ ನೋಡಬೇಕು. ಆದರೆ ಎಂವಿಸಿ ಅರ್ಜಿಯಲ್ಲಿ ಚಾಲಕ, ಮಾಲೀಕರ ಜೊತೆಗೆ ಅವರ ವಿಮಾ ಕಂಪನಿಯೂ ಎದುರುದಾರ. ಪಾಲಿಸಿ ಚಾಲ್ತಿಯಲ್ಲಿದ್ದು, ಚಾಲಕನಿಗೆ ಸರಿಯಾದ ಲೈಸೆನ್ಸ್ ಇದ್ದರೆ ಮಿತಿಯೊಳಗಿನ ಹಣ ಕೊಡುವುದು ಕಂಪನಿ, ರೈತನ ಹತ್ತಿಯ ಪಟ್ಟಿಯಿಂದ ಹೋಗುವುದಿಲ್ಲ. ಥರ್ಡ್ ಪಾರ್ಟಿ ಪರಿಹಾರದಿಂದ ಅವನ ನೋ ಕ್ಲೇಮ್ ಬೋನಸ್ ಕೂಡ ಕಡಿಮೆಯಾಗುವುದಿಲ್ಲ. ಅವನು ವರ್ಷವರ್ಷ ಪ್ರೀಮಿಯಂ ಕಟ್ಟುವುದೇ ಇಂಥ ದಿನಕ್ಕೆಂದು. ಮನೆಗೆ ಹೋಗಿ ಕೂತು ಇದನ್ನು ತಿಳಿಸಿ ಹೇಳಿದರೆ, ಪಾಲಿಸಿಯ ಪ್ರತಿಯನ್ನು ಅವನೇ ತೆಗೆದುಕೊಟ್ಟಾನು.

ತಪ್ಪು ಕಲ್ಪನೆ 9: “ಗುದ್ದಿದ ಗಾಡಿಗೆ ಇನ್ಶೂರೆನ್ಸ್ ಇಲ್ಲ. ಇನ್ನ ಕೇಳೂದು ಯಾರ್ನ?”

ವಾಸ್ತವ: ಟ್ರ್ಯಾಕ್ಟರಿಗೂ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಟ್ರೇಲರೂ ಕಾಯ್ದೆಯ ಪ್ರಕಾರ ಪ್ರತ್ಯೇಕ ಮೋಟಾರು ವಾಹನ, ಅದಕ್ಕೂ ವಿಮೆ ಬೇಕು. ಇಲ್ಲದಿದ್ದರೆ ಮಾಲೀಕನೇ ಕೈಯಿಂದ ಕೊಡಬೇಕು. ನ್ಯಾಯಮಂಡಳಿ ಆದೇಶಿಸಿದ ಹಣ ಬರದಿದ್ದರೆ 174ನೇ ಕಲಂ ಪ್ರಕಾರ ಜಿಲ್ಲಾಧಿಕಾರಿಗಳ ಮೂಲಕ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಿಸಬಹುದು. ಮನೆಯಲ್ಲಿ ಟ್ರ್ಯಾಕ್ಟರ್ ಇದ್ದವರು ಈ ಸಾಲನ್ನು ಎರಡು ಸಲ ಓದಬೇಕು.

ಸಾರಿಗೆ ಬಸ್ಸಿನ ವಿಷಯ ಬೇರೆ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸಿಗೆ ಹೊರಗಿನ ವಿಮಾ ಕಂಪನಿ ಇರದಿರಬಹುದು. ಸರ್ಕಾರಿ ಸಾರಿಗೆ ಸಂಸ್ಥೆಗಳು ಸ್ವಂತ ನಿಧಿ ಇಟ್ಟುಕೊಂಡು ವಿಮೆಯಿಂದ ವಿನಾಯಿತಿ ಪಡೆಯಲು ಕಾಯ್ದೆಯಲ್ಲೇ ಅವಕಾಶವಿದೆ. ಆಗ ಅರ್ಜಿ ಸಂಸ್ಥೆಯ ಮೇಲೆಯೇ. ನಂಬರ್ ಸಿಗದೆ ಓಡಿಹೋದ ವಾಹನದ ಮಟ್ಟಿಗೆ ಮಾತ್ರ ದಾರಿಯಿಲ್ಲ: ಹಿಟ್ ಅಂಡ್ ರನ್ ಯೋಜನೆ ಸಾವಿಗೆ, ತೀವ್ರ ಗಾಯಕ್ಕೆ ಹಣ ಕೊಡುತ್ತದೆ, ಕಾರಿಗಲ್ಲ.

ತಪ್ಪು ಕಲ್ಪನೆ 10: “ಕೇಸು ಯಾವಾಗರ ಹಾಕಬಹುದು. ಆದ್ರ ಅಪಘಾತ ಆದ ಊರಾಗ ಹಾಕಬೇಕು.”

ವಾಸ್ತವ: ಎರಡೂ ತಿರುಗುಮುರುಗು. ಕಾಲಕ್ಕೆ ಗಡುವಿದೆ, ಜಾಗಕ್ಕೆ ಸಡಿಲಿಕೆ ಇದೆ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಅಪಘಾತದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಈ ಗಡುವನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರಿದ್ದಾರೆ, ಆದರೂ ಅದನ್ನು ನಂಬಿ ಕೂಡಬೇಡಿ. ಜಾಗ ಮಾತ್ರ ನಿಮ್ಮ ಆಯ್ಕೆ: ಅಪಘಾತವಾದ ಊರು, ನೀವು ವಾಸಿಸುವ ಅಥವಾ ವ್ಯಾಪಾರ ಮಾಡುವ ಊರು, ಇಲ್ಲವೆ ಎದುರುದಾರ ಇರುವ ಊರು. ನರಗುಂದದ ಮೇಲೆ ಹುಬ್ಬಳ್ಳಿ–ವಿಜಯಪುರ ಹೆದ್ದಾರಿ ಹಾಯುತ್ತದೆ. ಹೊರರಾಜ್ಯದ ಲಾರಿ ಗುದ್ದಿತೆಂದು ನೀವು ಸೊಲ್ಲಾಪುರಕ್ಕೆ ಅಲೆಯಬೇಕಿಲ್ಲ. ಕರ್ನಾಟಕದಲ್ಲಿ ಜಿಲ್ಲಾ ನ್ಯಾಯಾಧೀಶರ ಜೊತೆಗೆ ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟುಗಳೂ ಎಂಎಸಿಟಿಯಾಗಿ ಕೆಲಸ ಮಾಡುತ್ತವೆ. ರೋಣದಲ್ಲಿ, ನರಗುಂದದಲ್ಲಿ ಅಂಥ ಕೋರ್ಟುಗಳಿವೆ.

ಎದುರಿನ ವಿಮಾ ಕಂಪನಿಯ ಮೇಲೆ ಗ್ರಾಹಕರ ಆಯೋಗಕ್ಕೋ ವಿಮಾ ಓಂಬುಡ್ಸ್‌ಮನ್ನರಿಗೋ ಬರೆದು ತಿಂಗಳು ಕಳೆಯಬೇಡಿ. ನೀವು ಆ ಕಂಪನಿಯ ಗ್ರಾಹಕರಲ್ಲ. ಆ ಬಾಗಿಲುಗಳು ನಿಮ್ಮ ಸ್ವಂತ ಕಂಪನಿ ಸತಾಯಿಸಿದರೆ ಮಾತ್ರ. ಮೊದಲು ಚಾಲಕ, ಮಾಲೀಕ, ಅವರ ಕಂಪನಿ ಮೂವರಿಗೂ ಬಿಲ್ಲಿನ ಪ್ರತಿ ಇಟ್ಟು ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ. ಅಪಘಾತದ ಮಾಹಿತಿ ಬಂದರೆ ಇತ್ಯರ್ಥಕ್ಕೆ ಅಧಿಕಾರಿಯನ್ನು ನೇಮಿಸುವುದು ಈಗ ಕಂಪನಿಯ ಕರ್ತವ್ಯ. ಅದರಲ್ಲಿ ಮುಗಿಯದಿದ್ದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಲೋಕ ಅದಾಲತ್ತಿನಲ್ಲಿ ಇಡಲು ಕೇಳಿ. ಇಂಥ ಸಣ್ಣ ಮೊತ್ತಕ್ಕೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಅಲ್ಲಿ ಆದ ಒಪ್ಪಂದಕ್ಕೆ ಕೋರ್ಟಿನ ಡಿಕ್ರಿಯ ಬಲ ಇದೆ, ಮೇಲೆ ಅಪೀಲಿಲ್ಲ. ನ್ಯಾಯಮಂಡಳಿಯಲ್ಲಿ ಗೆದ್ದರೂ ಒಂದು ಲಕ್ಷಕ್ಕಿಂತ ಕಡಿಮೆ ಮೊತ್ತದ ವಿವಾದಕ್ಕೆ ಎದುರಿನವರು ಹೈಕೋರ್ಟಿಗೆ ಅಪೀಲು ಹೋಗುವಂತಿಲ್ಲ. ಸಣ್ಣವರ ಸಣ್ಣ ಹಣ ಧಾರವಾಡ ಪೀಠದವರೆಗೆ ಎಳೆದಾಡಬಾರದೆಂಬುದಕ್ಕೆ ಕಾನೂನು ಇಷ್ಟಾದರೂ ಬೇಲಿ ಹಾಕಿದೆ.

ನನ್ನ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಈಗ ಮಡಿಚಿದ ಒಂದು ಹಾಳೆ ಇರುತ್ತದೆ. ಅದರಲ್ಲಿ ನಾನೇ ಬರೆದಿಟ್ಟ ಐದು ಸಾಲು: ಗಾಡಿ ಕದಲಿಸುವ ಮೊದಲು ಫೋಟೋ. ಸಾಕ್ಷಿಯ ಇಬ್ಬರ ನಂಬರು. ಠಾಣೆಯ ಸ್ವೀಕೃತಿ. ಓದಿ ಸಹಿ, ಸಹಿಯ ಮೇಲೆ ಹಕ್ಕಿನ ಸಾಲು. ಆರು ತಿಂಗಳು. ಮಗ ಗಾಡಿ ಕಲಿತು ಮೊದಲ ಸಲ ಒಬ್ಬನೇ ನರಗುಂದಕ್ಕೆ ಹೊರಟಾಗ, ಆರ್‌ಸಿ, ಲೈಸೆನ್ಸ್ ಕೇಳುವ ಮೊದಲು ಆ ಹಾಳೆ ಇದೆಯೇ ಎಂದು ನೋಡಿಕೊಂಡೆ.